ಹಸಿರು ಮಣ್ಣಿನ ಬಣ್ಣ ಏಕಿಷ್ಟು ತೆಳು?

ಪ್ರಶ್ನೆ: ತೈಲವರ್ಣ ಚಿತ್ರಗಳಿಗೆಂದು ಕೊಂಡ ‘ಟೆರ್ ವರ್ಟ್’ ಅಥವಾ ಹಸಿರು ಮಣ್ಣಿನ ಬಣ್ಣ ಎಷ್ಟು ಬಳಿದರೂ ಕೆಳಗಿನ ಪದರವನ್ನು ಮುಚ್ಚುವುದಿಲ್ಲ, ಬಿಳಿಗೆ ಬೆರೆಸಿದರೆ ಕಾಣದಂತಾಗುತ್ತದೆ. ಇದೇ ಹೆಸರಿನ ನನ್ನ ಹಿಂದಿನ ಟ್ಯೂಬು ಬಹಳ ಗಾಢವಾಗಿತ್ತು. ಈಗಿನದು ಕಲಬೆರಕೆಯೇ?

ಉತ್ತರ: ಅನುಮಾನ ಬರಬೇಕಾದದ್ದು ಹಿಂದಿನ ಟ್ಯೂಬಿನ ಮೇಲೆ. ನಿಜವಾದ ಹಸಿರು ಮಣ್ಣು ಸ್ವಭಾವದಿಂದಲೇ ಮೆದುವಾದ, ಪಾರದರ್ಶಕ ಬಣ್ಣ. ಅದರ ಹಸಿರಿಗೆ ಕಾರಣ ಅಭ್ರಕದಂತೆ ಪದರಪದರವಾಗಿರುವ ಎರಡು ಖನಿಜಗಳಲ್ಲಿನ ಕಬ್ಬಿಣ: ಬಸಾಲ್ಟ್ ಶಿಲೆಯ ಪೊಳ್ಳುಗಳಲ್ಲಿ ಬೆಳೆಯುವ, ತುಸು ನೀಲಿ ಛಾಯೆಯ ಸೆಲಡೊನೈಟ್ ಮತ್ತು ಸಮುದ್ರತಳದ ಕೆಸರಿನಲ್ಲಿ ರೂಪುಗೊಳ್ಳುವ, ಹೆಚ್ಚಾಗಿ ಹಳದಿಯತ್ತ ವಾಲುವ ಗ್ಲಾಕೊನೈಟ್. ಇಟಲಿಯ ವೆರೋನಾ ಬಳಿಯ ಮೊಂಟೆ ಬಾಲ್ಡೊ ಬೆಟ್ಟ ಮತ್ತು ಸೈಪ್ರಸ್ ದ್ವೀಪದ ಮಣ್ಣು ಹೆಸರಾದದ್ದು ಸೆಲಡೊನೈಟಿನಿಂದ. ಈ ಖನಿಜಗಳ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಬಾಗಿಸುವ ಅಳತೆ, ಸುಮಾರು 1.6, ತೈಲವರ್ಣದಲ್ಲಿ ಅವುಗಳನ್ನು ಬೆರೆಸುವ ಅಗಸೆ ಎಣ್ಣೆಯದು ಸುಮಾರು 1.48. ಅಂತರ ಇಷ್ಟು ಕಡಿಮೆಯಿರುವುದರಿಂದ ಬೆಳಕು ಕಣಗಳಲ್ಲಿ ಚದುರದೆ ಒಳಗೆ ಹಾದುಹೋಗುತ್ತದೆ. 2.5ಕ್ಕೂ ಹೆಚ್ಚು ಸೂಚ್ಯಂಕದ ಟೈಟೇನಿಯಂ ಬಿಳಿಯ ಮುಂದೆ ಅದು ನಿಲ್ಲದಿರುವುದು ಸಹಜ.

ಟ್ಯೂಬಿನ ಮೇಲಿನ ವರ್ಣದ್ರವ್ಯದ ಸಂಕೇತವನ್ನು ನೋಡಿ. ಪಿಜಿ (PG) ಎಂದರೆ ‘ಪಿಗ್ಮೆಂಟ್ ಗ್ರೀನ್’, ಹಸಿರು ವರ್ಣದ್ರವ್ಯ. ಪಿಜಿ 23 ಎಂದಷ್ಟೇ ಇದ್ದರೆ ಅದು ಹಸಿರು ಮಣ್ಣು. ಪಿಜಿ 7 ಅಥವಾ ಪಿಜಿ 18 ಇದ್ದರೆ ಥ್ಯಾಲೊ ಹಸಿರನ್ನೋ ವಿರಿಡಿಯನ್ನನ್ನೋ ಬಳಸಿ ಗಾಢಗೊಳಿಸಿದ್ದಾರೆಂದು ತಿಳಿಯಬಹುದು. ಅವು ಕೆಟ್ಟ ಬಣ್ಣಗಳಲ್ಲ, ಆದರೆ ಈ ಮಣ್ಣಿನ ಕೆಲಸವನ್ನು ಅವು ಮಾಡಲಾರವು.

ಆ ಕೆಲಸವೆಂದರೆ ಮುಖ್ಯವಾಗಿ ಮೈಬಣ್ಣ. ಸುಮಾರು 1400ರ ಹೊತ್ತಿಗೆ ಚಿತ್ರಕಲೆಯ ಕೈಪಿಡಿ ಬರೆದ ಚೆನ್ನಿನೊ ಚೆನ್ನಿನಿ, ಮುಖಕ್ಕೆ ಮೊದಲು ಹಸಿರು ಮಣ್ಣನ್ನು ಸೀಸದ ಬಿಳಿಯೊಂದಿಗೆ ಬಳಿದು, ಅದರ ಮೇಲೆ ಗುಲಾಬಿ ಛಾಯೆಗಳನ್ನು ತೆಳುವಾಗಿ ಏರಿಸುವ ಕ್ರಮವನ್ನು ವಿವರಿಸಿದ್ದಾನೆ. ಹಸಿರು ಮತ್ತು ಕೆಂಪು ಪರಸ್ಪರ ವಿರುದ್ಧ ಬಣ್ಣಗಳಾದ್ದರಿಂದ, ಗುಲಾಬಿ ತೆಳುವಾದ ಕಡೆ ಹಸಿರು ಇಣುಕಿ, ಕಪ್ಪು ಬೆರೆಸಿ ಎಂದೂ ಪಡೆಯಲಾಗದ ತಂಪಾದ ನೆರಳು ಹುಟ್ಟುತ್ತದೆ. ಆ ಕಾಲದ ಕೆಲವು ಇಟಾಲಿಯನ್ ಚಿತ್ರಗಳಲ್ಲಿ ಮುಖಗಳು ಇಂದು ಹಸಿರಾಗಿ ಕಾಣುವುದು ಮೇಲಿನ ಗುಲಾಬಿ ಸವೆದಿರುವುದರಿಂದ. ಕೆಳಗಿನ ಮಣ್ಣು ಮಾತ್ರ ಮಾಸಿಲ್ಲ. ಬೆಳಕಿಗೂ ಸುಣ್ಣಕ್ಕೂ ಜಗ್ಗದ ಈ ಗುಣದಿಂದಾಗಿಯೇ ರೋಮನ್ನರು ಭಿತ್ತಿಚಿತ್ರಗಳಲ್ಲಿ ಇದನ್ನು ಧಾರಾಳವಾಗಿ ಬಳಸಿದರು.

ಆದ್ದರಿಂದ ಈ ಟ್ಯೂಬನ್ನು ಬದಿಗಿಡಬೇಡಿ. ಒಂದು ಮುಖಚಿತ್ರದ ನೆರಳಿನ ಭಾಗಗಳಿಗೆ ಇದನ್ನು ತೆಳುವಾಗಿ ಬಳಿದು, ಪೂರ್ತಿ ಒಣಗಿದ ಮೇಲೆ ಮೈಬಣ್ಣವನ್ನು ಅದರ ಅಂಚಿನವರೆಗೆ ತಂದು, ನೆರಳಿನೊಳಗೆ ಹೋದಂತೆ ಕಡಿಮೆ ಮಾಡುತ್ತ ಬನ್ನಿ.