ಪ್ರತಿ: ಮಂಜೇಶ್ವರದ ಹಿರಿಯರ ಆರೋಗ್ಯ ಸಮೀಕ್ಷೆಗೆ ಕಂಪನಿ ಹಣ ಕೊಡಲಿಲ್ಲ, ಏನು ಮಾಡಲಿ?

ನಿಮ್ಮ ಟ್ರಸ್ಟಿನ ಅರ್ಜಿ ವಾಪಸ್ ಬಂದದ್ದು ಬಹುಶಃ ಅದರಲ್ಲಿ ‘ಸಂಶೋಧನೆ’ ಅಂತ ಇದ್ದದ್ದಕ್ಕೆ. ಪತ್ರ ನೋಡದೆ ಖಂಡಿತ ಹೇಳಲಾರೆ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣ ಯಾವ ಕೆಲಸಗಳಿಗೆ ಹೋಗಬಹುದು ಅನ್ನುವ ಪಟ್ಟಿ, ಅಂದರೆ ಕಂಪನಿ ಕಾಯ್ದೆಯ 7ನೇ ಅನುಸೂಚಿಯಲ್ಲಿ ವೃದ್ಧಾಶ್ರಮ, ಹಗಲು ಆರೈಕೆ ಕೇಂದ್ರಗಳಿಗೆ ಜಾಗ ಇದೆ. ಸಂಶೋಧನೆಯ ಹಣ ಮಾತ್ರ ಜಾಸ್ತಿ ಸರ್ಕಾರಿ ಅನುದಾನದ ವಿಶ್ವವಿದ್ಯಾಲಯಗಳಿಗೇ ಹೋಗುತ್ತದೆ.

ಮೊದಲು ನಿಮ್ಮ ಕಾಸರಗೋಡು ಜಿಲ್ಲೆಯದೇ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದ ಸಾರ್ವಜನಿಕ ಆರೋಗ್ಯ ವಿಭಾಗದಲ್ಲಿ ಮಾತಾಡಿ. ಒಪ್ಪಿದರೆ ಅರ್ಜಿ ಅವರ ಹೆಸರಲ್ಲಿ ಹೋಗಲಿ, ಮನೆಮನೆ ಸುತ್ತುವ ಕೆಲಸ ನಿಮಗಿರಲಿ. ಸಂಶೋಧನೆಯಲ್ಲಿ ಭಾಗವಹಿಸುವವರ ಹಿತ ನೋಡುವ ನೈತಿಕ ಸಮಿತಿಯ ಅನುಮತಿಯ ಬಗ್ಗೆಯೂ ಅಲ್ಲೇ ಕೇಳಿ. ಸಮೀಕ್ಷೆಗೆ ಹಿರಿಯರು ಸಹಿ ಹಾಕುವ ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ತುಳುವಿನಲ್ಲಿ ಓದಿ ಹೇಳಿ. ಕನ್ನಡ ಶಾಲೆಯಲ್ಲಿ ಕಲಿತ ಅಜ್ಜಿಯಿಂದ ಮಲಯಾಳದ ಕಾಗದಕ್ಕೆ ಸಹಿ ಹಾಕಿಸುವುದು ಅನ್ಯಾಯ ಅಲ್ವಾ?

ಆಮೇಲೆ ಟ್ರಸ್ಟಿಗೆ ಸಿಎಸ್‌ಆರ್-1 (ಕಂಪನಿಗಳ ಸಿಎಸ್‌ಆರ್ ಕೆಲಸ ಮಾಡುವ ಸಂಸ್ಥೆಗಳು ಸರ್ಕಾರಕ್ಕೆ ಸಲ್ಲಿಸುವ ಅರ್ಜಿ) ನೋಂದಣಿ ಇದೆಯಾ ನೋಡಿ. 2021ರ ಏಪ್ರಿಲ್‌ನಿಂದ ಅದು ಕಡ್ಡಾಯ. ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ಅನುಮತಿ ಇಲ್ಲದೆ ವಿದೇಶಿ ದಾನಿಗಳಿಗೆ ಸುಮ್ನೆ ಬರೆಯಬೇಡಿ.