ರಾಯಚೂರಿನ ಅಣ್ಣನಿಗೆ: ಹೊಸ ಬ್ಯಾಟರಿಗೆ ದುಡ್ಡು ಕೊಡೋ ಮುಂಚೆ ಮೀಟರ್ ಹಿಡಿದು ನೋಡಿ

ಅಣ್ಣಾ, ನಿಮ್ಮ ಮೆಸೇಜ್ ಓದಿದೆ. ಸಣ್ಣ ಪೆಟ್ರೋಲ್ ಕಾರು, ಬ್ಯಾಟರಿ ಹಾಕಿಸಿ ನಾಲ್ಕು ವರ್ಷ, ಈಗ ಬೆಳಿಗ್ಗೆ ಸೆಲ್ಫ್ ಎಳೆದೆಳೆದು ತಿರುಗ್ತಿದೆ. ಅಂಗಡಿಯವರು ಹೊಸದು ಹಾಕಿಸಿ ಅಂದ್ರು, ನಿಮ್ಮ ಭಾವ ಡಿಸ್ಟಿಲ್ಡ್ ವಾಟರ್ ಹಾಕಿದ್ರೆ ಇನ್ನೊಂದು ವರ್ಷ ಬರುತ್ತೆ ಅಂತಿದ್ದಾರೆ. ಇಬ್ಬರ ಮಾತೂ ನಿಜ ಇರಬಹುದು, ಆದ್ರೆ ಇಬ್ಬರೂ ಮೀಟರ್ ಹಿಡಿದಿಲ್ಲ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗೋ ಡಿಜಿಟಲ್ ಮಲ್ಟಿಮೀಟರ್ ಒಂದು ತಗೊಳ್ಳಿ. ಡಿಸಿ 20 ವೋಲ್ಟ್‌ಗೆ ಇಟ್ಟು ಮೂರು ಹೊತ್ತಿನಲ್ಲಿ ಅಳೆದ್ರೆ ಯಾರು ಸರಿ ಅಂತ ಗೊತ್ತಾಗುತ್ತೆ.

ಮೊದಲನೇದು, ಗಾಡಿ ರಾತ್ರಿಯೆಲ್ಲಾ ನಿಂತ ಮೇಲೆ ಬೆಳಿಗ್ಗೆ, ಕೀ ಹಾಕೋ ಮುಂಚೆ. ಹಿಂದಿನ ದಿನ ಚಾರ್ಜರ್‌ಗೆ ಹಾಕಿಸಿ ಫುಲ್ ಮಾಡಿಸಿರಬೇಕು, ಇಲ್ಲಾಂದ್ರೆ ಖಾಲಿ ಬ್ಯಾಟರಿಗೂ ಕೆಟ್ಟ ಬ್ಯಾಟರಿಗೂ ವ್ಯತ್ಯಾಸ ಗೊತ್ತಾಗಲ್ಲ. 12.6 ಇದ್ರೆ ಫುಲ್. 12.4 ಅಂದ್ರೆ ಮುಕ್ಕಾಲು, 12.2 ಅಂದ್ರೆ ಅರ್ಧ, 12 ಮುಟ್ಟಿದ್ರೆ ಕಾಲು ಭಾಗ ಅಷ್ಟೇ. ಒಳಗೆ ಆರು ಸೆಲ್ ಇರುತ್ತೆ, ಒಂದೊಂದಕ್ಕೆ ಸುಮಾರು 2.1 ವೋಲ್ಟ್. ಹಾಗಾಗಿ ಚಾರ್ಜ್ ಮಾಡಿಸಿದ ಮೇಲೂ 10.5 ಹತ್ತಿರವೇ ನಿಂತಿದ್ರೆ ಒಂದು ಸೆಲ್ ಸತ್ತಿದೆ ಅಂತ ಲೆಕ್ಕ. ಅದಕ್ಕೆ ನೀರು ಹಾಕಿಯೂ ಪ್ರಯೋಜನ ಇಲ್ಲ, ಚಾರ್ಜ್ ಮಾಡಿಯೂ ಪ್ರಯೋಜನ ಇಲ್ಲ.

ಎರಡನೇದೇ ಮುಖ್ಯ. ಮನೆಯವರು ಯಾರಾದ್ರೂ ಸೆಲ್ಫ್ ಹೊಡೀಲಿ, ನೀವು ಮೀಟರ್ ಮೇಲೆ ಕಣ್ಣಿಡಿ. ಎಷ್ಟಕ್ಕೆ ಕುಸಿಯುತ್ತೆ ನೋಡಿ. ನಿಮ್ಮೂರಿನ ಹವೆಯಲ್ಲಿ 10ಕ್ಕಿಂತ ಮೇಲಿದ್ರೆ ಚಿಂತೆ ಬೇಡ. ಫುಲ್ ಚಾರ್ಜ್ ಇದ್ದೂ 9.6ಕ್ಕಿಂತ ಕೆಳಗೆ ಬೀಳ್ತಿದ್ರೆ ಅದರ ಕಾಲ ಮುಗೀತು. ಲೈಟು, ಹಾರ್ನು ಚೆನ್ನಾಗಿದೆ ಅಂತ ಮೋಸ ಹೋಗಬೇಡಿ. ಅವಕ್ಕೆ ಬೇಕಿರೋದು ಕೆಲವೇ ಆಂಪಿಯರ್, ಸ್ಟಾರ್ಟರ್ ಎಳೆಯೋದು ನೂರಕ್ಕೂ ಮೇಲೆ.

ಈ ಎರಡನೇ ಟೆಸ್ಟಿನಲ್ಲೇ ಇನ್ನೊಂದು ಕೆಲಸ ಮುಗಿಸಿ. ಮೀಟರಿನ ಕಡ್ಡಿಯನ್ನ ಒಮ್ಮೆ ಬ್ಯಾಟರಿಯ ಸೀಸದ ಪೋಸ್ಟ್ ಮೇಲೇ ಒತ್ತಿ ಹಿಡೀರಿ, ಇನ್ನೊಮ್ಮೆ ಅದಕ್ಕೆ ಬಿಗಿದಿರೋ ಕೇಬಲಿನ ಕ್ಲಾಂಪ್ ಮೇಲೆ. ಸೆಲ್ಫ್ ಹೊಡೆಯುವಾಗ ಪೋಸ್ಟ್ ಮೇಲೆ ಹತ್ತೂವರೆ ಇದ್ದು ಕ್ಲಾಂಪ್ ಮೇಲೆ ಒಂಬತ್ತು ತೋರಿಸಿದ್ರೆ ಬ್ಯಾಟರಿ ಚೆನ್ನಾಗಿದೆ, ನಡುವೆ ತುಕ್ಕು ಕೂತಿದೆ ಅಂತ ಅರ್ಥ. ಮೇಲಿನಿಂದ ನೋಡಿದ್ರೆ ಏನೂ ಕಾಣಲ್ಲ, ಬಿಚ್ಚಿದಾಗ ಒಳಮೈಯಲ್ಲಿ ಬಿಳಿ-ಹಸಿರು ಪುಡಿ ಗಟ್ಟಿಯಾಗಿ ಹಿಡಿದಿರುತ್ತೆ. ಅಡುಗೆ ಸೋಡಾ ಕಲಸಿದ ನೀರು ಹಾಕಿ, ಅದು ನೊರೆ ಬಂದು ನಿಂತ ಮೇಲೆ ಹಳೇ ಬ್ರಷ್‌ನಿಂದ ಉಜ್ಜಿ, ಒರೆಸಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿ. ಎಷ್ಟೋ ಒಳ್ಳೇ ಬ್ಯಾಟರಿಗಳು ಈ ಪುಡಿಯ ಕಾರಣಕ್ಕೇ ಗುಜರಿಗೆ ಹೋಗ್ತವೆ, ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತೆ.

ಮೂರನೇದು, ಎಂಜಿನ್ ಓಡ್ತಿರುವಾಗ ಹೆಡ್‌ಲೈಟ್ ಹಾಕಿ ಅಳೀರಿ. 13.8ರಿಂದ 14.5ರ ಒಳಗಿದ್ರೆ ಆಲ್ಟರ್ನೇಟರ್, ಅಂದ್ರೆ ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸೋ ಯಂತ್ರ, ಸರಿ ಇದೆ. 13ಕ್ಕಿಂತ ಕಡಿಮೆ ಇದ್ರೆ ಚಾರ್ಜೇ ಆಗ್ತಿಲ್ಲ, 15 ದಾಟಿದ್ರೆ ವೋಲ್ಟೇಜ್ ಹದ್ದಿನಲ್ಲಿಡೋ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯನ್ನ ಕುದಿಸ್ತಿದೆ. ಕೊಳೆತ ಮೊಟ್ಟೆಯ ವಾಸನೆ, ಊದಿದ ಪೆಟ್ಟಿಗೆ ಕಂಡ್ರೆ ಸೆಲ್ಫ್ ಹೊಡೆಯಲೇಬೇಡಿ. ಆಲ್ಟರ್ನೇಟರ್ ನೋಡದೆ ಹೊಸ ಬ್ಯಾಟರಿ ಹಾಕಿದ್ರೆ ಅದೂ ಕೆಲವೇ ತಿಂಗಳಲ್ಲಿ ಹಳೇದರ ದಾರಿ ಹಿಡಿಯುತ್ತೆ.

ಭಾವನವರ ನೀರಿನ ವಿಷಯ. ಮುಚ್ಚಳ ಬಿಚ್ಚೋ ಬ್ಯಾಟರಿ ಆಗಿದ್ದು ಒಳಗಿನ ಸೀಸದ ಪ್ಲೇಟು ನೀರಿನಿಂದ ಹೊರಗೆ ಕಾಣ್ತಿದ್ರೆ ಪ್ಲೇಟು ಮುಳುಗೋಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿ, ಚಾರ್ಜ್ ಆದ ಮೇಲೆ ಗುರುತಿನ ತನಕ ತುಂಬಿಸಿ. ಬೋರ್‌ವೆಲ್ ನೀರು ಖಂಡಿತ ಬೇಡ. ಆದ್ರೆ ಬಹಳ ದಿನ ಒಣಗಿ ನಿಂತ ಪ್ಲೇಟಿನ ಭಾಗ ಮತ್ತೆ ಜೀವ ಪಡೆಯಲ್ಲ. ಸೀಲ್ ಆಗಿರೋ ಬ್ಯಾಟರಿಯಲ್ಲಿ ಚಾರ್ಜ್ ತೋರಿಸೋ ಹಸಿರು ಕಣ್ಣು ಕಂಡ್ರೂ ಅದು ಆರರಲ್ಲಿ ಒಂದೇ ಸೆಲ್ಲಿನ ಸಾಕ್ಷಿ.

ನಾಲ್ಕೇ ವರ್ಷಕ್ಕೆ ಯಾಕೆ ಹೀಗೆ ಅಂತ ಕೇಳಿದ್ರಿ. ನಿಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತೆ, ಬಾನೆಟ್ ಒಳಗಂತೂ ಅದಕ್ಕೂ ಹೆಚ್ಚು. ಬ್ಯಾಟರಿ ಸವೆಯೋದು ಆ ಸೆಕೆಯಲ್ಲಿ. ಗೊತ್ತಾಗೋದು ಮಾತ್ರ ಡಿಸೆಂಬರ್ ಬೆಳಿಗ್ಗೆ, ಆಯಿಲ್ ಗಟ್ಟಿಯಾಗಿ ಎಂಜಿನ್ ತಿರುಗಿಸೋಕೆ ಹೆಚ್ಚು ಬಲ ಬೇಕಾದಾಗ. ಮೇಲಾಗಿ ನಿಮ್ಮ ಓಡಾಟ ಮನೆಯಿಂದ ಬ್ಯಾಂಕಿಗೆ ಮೂರು ಕಿಲೋಮೀಟರ್, ಎಸಿ ಹಾಕ್ಕೊಂಡು. ಸ್ಟಾರ್ಟ್ ಮಾಡೋಕೆ ತೆಗೆದದ್ದು ವಾಪಸ್ ತುಂಬೋಕೆ ಸಮಯವೇ ಸಿಗಲ್ಲ. ಅರ್ಧ ಖಾಲಿ ನಿಂತ ಬ್ಯಾಟರಿಯ ಪ್ಲೇಟಿಗೆ ಸಲ್ಫೇಟ್ ಕಟ್ಟುತ್ತೆ, ಅಂದ್ರೆ ಚಾರ್ಜ್ ಹಿಡಿಯೋಕೆ ಬಿಡದ ಗಟ್ಟಿ ಪದರ. ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಹೈವೇ ಓಡಿಸಿದ್ರೆ ನಿಜಕ್ಕೂ ವ್ಯತ್ಯಾಸ ಆಗುತ್ತೆ.

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಬೇರೆ ಯಾರಿಗಾದ್ರೂ ಜಂಪ್ ಕೇಬಲ್ (ಇನ್ನೊಂದು ಗಾಡಿಯ ಬ್ಯಾಟರಿಯಿಂದ ಸ್ಟಾರ್ಟ್ ಮಾಡೋ ತಂತಿ) ಇಟ್ಕೊಂಡು ಇನ್ನೂ ಎರಡು ತಿಂಗಳು ಓಡಿಸಿ ಅಂತಿದ್ದೆ. ನಿಮ್ಮ ಅಮ್ಮನವರಿಗೆ ಉಸಿರಾಟದ ತೊಂದರೆ, ರಾತ್ರಿ ಹೊತ್ತಲ್ಲಿ ಆಸ್ಪತ್ರೆಗೆ ಹೊರಡಬೇಕಾಗುತ್ತೆ ಅಂತ ನೀವೇ ಬರೆದಿದ್ದೀರಿ. ಅಂಥ ಮನೆಯಲ್ಲಿ 9.6ರ ತನಕ ಕಾಯಬಾರದು. ಕ್ಲಾಂಪ್ ಸ್ವಚ್ಛ ಮಾಡಿ, ಫುಲ್ ಚಾರ್ಜ್ ಮಾಡಿಸಿದ ಮೇಲೂ 10ರ ಹತ್ತಿರ ಜೋಲಿ ಹೊಡೀತಿದ್ರೆ ಇದೇ ವಾರ ಬದಲಿಸಿ.

ತಗೊಳ್ಳುವಾಗ ಹಳೇ ಬ್ಯಾಟರಿ ಮೇಲಿನ ಕೋಡ್ ಓದಿ ಅದೇ ಅಳತೆಯದನ್ನೇ ಕೇಳಿ. 38ಬಿ20ಎಲ್ ಅಂತಿದ್ರೆ 20 ಅಂದ್ರೆ ಸೆಂಟಿಮೀಟರ್ ಲೆಕ್ಕದ ಉದ್ದ, ಕೊನೆಯ ಎಲ್ ಅಥವಾ ಆರ್ ಟರ್ಮಿನಲ್ ಯಾವ ಕಡೆ ಅನ್ನೋದು. ಇದು ಉಲ್ಟಾ ಆದ್ರೆ ಕೇಬಲ್ ಎಟುಕಲ್ಲ. ಸಿಗ್ನಲ್ಲಲ್ಲಿ ತಾನೇ ಆಫ್ ಆಗಿ ಆನ್ ಆಗೋ ಗಾಡಿಯಾದ್ರೆ ಪದೇ ಪದೇ ಸ್ಟಾರ್ಟ್ ತಡೆಯೋ ಇಎಫ್‌ಬಿ ಅಥವಾ ಎಜಿಎಂ ಅನ್ನೋ ಬ್ಯಾಟರಿಯೇ ಬೇಕು, ಸಾಮಾನ್ಯದ್ದು ಬೇಗ ಸಾಯುತ್ತೆ. ತಯಾರಾದ ತಿಂಗಳು ನೋಡಿ, ಅಂಗಡಿಯಲ್ಲೇ ಮೀಟರ್ ಹಿಡೀರಿ, 12.4ಕ್ಕಿಂತ ಕಡಿಮೆ ಇದ್ರೆ ಬೇರೆ ಕೊಡಿ ಅನ್ನಿ. ವಾರಂಟಿ 24+24 ಅಂದ್ರೆ ನಾಲ್ಕು ವರ್ಷವೂ ಫ್ರೀ ಅಂತಲ್ಲ, ಮೊದಲ 24 ತಿಂಗಳು ಬದಲಿ, ಆಮೇಲಿನದ್ದಕ್ಕೆ ಬೆಲೆಯಲ್ಲಿ ರಿಯಾಯಿತಿ ಮಾತ್ರ. ಕಾರ್ಡಿಗೆ ಸೀಲು, ದಿನಾಂಕ ಹಾಕಿಸಿಕೊಳ್ಳದೆ ಅಲ್ಲಿಂದ ಕದಲಬೇಡಿ.

ನೀವೇ ಹಾಕೋದಾದ್ರೆ ಬಹಳಷ್ಟು ಗಾಡಿಗಳಿಗೆ 10ನೇ ನಂಬರ್ ಸ್ಪ್ಯಾನರ್ ಸಾಕು. ಕೈಯ ಉಂಗುರ, ಕಡಗ ತೆಗೆದಿಡಿ. ಒಂದು ಕಿಟಕಿ ಇಳಿಸಿ, ಕೀ ಜೇಬಲ್ಲಿರಲಿ, ಕರೆಂಟ್ ವಾಪಸ್ ಬಂದಾಗ ಕೆಲವು ಗಾಡಿ ತಾನೇ ಲಾಕ್ ಆಗುತ್ತೆ. ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್. ಮೈನಸ್ ಹಾಗೇ ಇರುವಾಗ ಪ್ಲಸ್ ಬಿಚ್ಚೋಕೆ ಹೋಗಿ ಸ್ಪ್ಯಾನರ್ ಕಾರಿನ ಲೋಹದ ಮೈಗೆ ತಾಗಿದ್ರೆ ಶಾರ್ಟ್ ಆಗಿ ಬೆಂಕಿ ಹಾರುತ್ತೆ. ಕೆಳಗಿನ ಹಿಡಿಕೆಯ ಬೋಲ್ಟ್ ಬಿಗಿ ಮಾಡೋದು ಮರೀಬೇಡಿ, ಅಲ್ಲಾಡೋ ಬ್ಯಾಟರಿಯ ಪ್ಲೇಟು ಬೇಗ ಉದುರುತ್ತೆ. ಗಡಿಯಾರ, ಕಿಟಕಿಯ ಆಟೋ ಬಟನ್ ಆಮೇಲೆ ಮತ್ತೆ ಸೆಟ್ ಮಾಡಬೇಕಾಗಬಹುದು.

ಹಳೇದನ್ನ ಬ್ಯಾಟರಿ ಅಂಗಡಿಗೇ ಕೊಟ್ಟು ಬಿಲ್ಲಿನಲ್ಲಿ ಎಕ್ಸ್‌ಚೇಂಜ್ ಮೊತ್ತ ಕಳೆಸಿ. ತೂಕದ ಅರ್ಧಕ್ಕಿಂತ ಹೆಚ್ಚು ಅದರಲ್ಲಿ ಸೀಸವೇ, ಅದನ್ನ ವಾಪಸ್ ಪಡೆದು ಮರುಬಳಕೆ ಮಾಡೋ ಹೊಣೆ 2022ರ ನಿಯಮದಂತೆ ತಯಾರಕರದ್ದು. ಬೀದಿಯ ಗುಜರಿಯವರು ನೂರು ರೂಪಾಯಿ ಹೆಚ್ಚು ಕೊಟ್ರೂ ಬೇಡ, ಒಡೆದು ಆಸಿಡ್ ಚರಂಡಿಗೆ ಸುರಿಯೋರೂ ಇದ್ದಾರೆ.

ನಾಳೆ ಬೆಳಿಗ್ಗೆ ಅಳೆದು ಮೂರೂ ನಂಬರ್ ಮತ್ತು ಹಳೇ ಬ್ಯಾಟರಿಯ ಸ್ಟಿಕ್ಕರ್ ಫೋಟೋ ಇಲ್ಲೇ ಹಾಕಿ. ಜಿಪಿಎಸ್ ಅಥವಾ ಡ್ಯಾಶ್‌ಕ್ಯಾಮ್ ಹೊರಗಿನಿಂದ ಹಾಕಿಸಿದ್ರೆ ಅದನ್ನೂ ಹೇಳಿ, ಗಾಡಿ ನಿಂತಾಗಲೂ ಅವು ಬ್ಯಾಟರಿ ಎಳೀತಿರಬಹುದು.