ಇಂಟರ್‌ಸ್ಪೀಚ್‌ಗೆ ಪ್ರಬಂಧ ಕಳುಹಿಸುವ ಮೊದಲು ಟೆಸ್ಟ್ ಸೆಟ್ ಸರಿಪಡಿಸಿಕೊಳ್ಳಿ

ಕನ್ನಡ ಮಾತನ್ನು ಬರಹಕ್ಕಿಳಿಸುವ ನಿಮ್ಮ ಕಂಪ್ಯೂಟರ್ ಮಾದರಿಯ ಬಗೆಗಿನ ಪೋಸ್ಟನ್ನು ಪೂರ್ತಿ ಓದಿದೆ. ನಲವತ್ತು ವಿದ್ಯಾರ್ಥಿಗಳಿಂದ ಅವವೇ 150 ವಾಕ್ಯಗಳನ್ನು ಓದಿಸಿ, ಆ 6000 ಆಡಿಯೊ ಫೈಲುಗಳನ್ನು ಒಟ್ಟಿಗೆ ಕಲಸಿ, ಹತ್ತರಲ್ಲೊಂದು ಪಾಲನ್ನು ಟೆಸ್ಟ್ ಸೆಟ್ (ಮಾದರಿಯನ್ನು ಪರೀಕ್ಷಿಸುವ ಭಾಗ) ಎಂದು ತೆಗೆದಿಟ್ಟಿದ್ದೀರಿ. ವರ್ಡ್ ಎರರ್ ರೇಟ್, ಅಂದರೆ ಪದದೋಷಗಳ ಪ್ರಮಾಣ, ಶೇ. 5 ಬಂದಿದೆ, ಇದನ್ನೇ ಮಾತಿನ ತಂತ್ರಜ್ಞಾನದ ಅಂತರರಾಷ್ಟ್ರೀಯ ಸಂಘವಾದ ಇಸ್ಕಾ ಸಂಸ್ಥೆಯ ಇಂಟರ್‌ಸ್ಪೀಚ್ ಸಮ್ಮೇಳನಕ್ಕೆ ಕಳುಹಿಸುತ್ತೇವೆ ಎಂದೂ ಬರೆದಿದ್ದೀರಿ. ದಯವಿಟ್ಟು ಈ ರೂಪದಲ್ಲಿ ಕಳುಹಿಸಬೇಡಿ. ನಮ್ಮ ತಂಡವೂ ಹಿಂದೊಮ್ಮೆ ಹೀಗೆಯೇ ವಿಂಗಡಿಸಿತ್ತು. ಬೇರೆ ಊರಿನವರ ಧ್ವನಿ ಕೊಟ್ಟ ಕೂಡಲೇ ದೋಷ ಹಲವು ಪಟ್ಟು ಏರಿತು.

ನಿಮ್ಮ ಟೆಸ್ಟ್ ಸೆಟ್‌ನಲ್ಲಿರುವ ಪ್ರತಿಯೊಂದು ಧ್ವನಿಯನ್ನೂ ಪ್ರತಿಯೊಂದು ವಾಕ್ಯವನ್ನೂ ಮಾದರಿಯು ತರಬೇತಿಯಲ್ಲೇ ಕಂಡಿದೆ. ಆದ್ದರಿಂದ ಶೇ. 5 ಎಂಬುದು ಕನ್ನಡವನ್ನು ಗುರುತಿಸುವ ಶಕ್ತಿಯ ಅಳತೆಯಲ್ಲ, ಆ 150 ವಾಕ್ಯಗಳ ನೆನಪಿನ ಅಳತೆ. ಮಾತುಗಾರರನ್ನು ಮಾತ್ರ ಬೇರ್ಪಡಿಸಿದರೆ ಸಾಕೆಂದು ಹಲವರು ಭಾವಿಸುತ್ತಾರೆ. ಎಲ್ಲರೂ ಒಂದೇ ಪಠ್ಯ ಓದಿರುವಾಗ ಅದು ಸಾಲದು.

ಮತ್ತೆ ರೆಕಾರ್ಡ್ ಮಾಡುವ ಅಗತ್ಯವಿಲ್ಲ, ಇರುವ ಸಂಗ್ರಹವನ್ನೇ ಹೀಗೆ ಕತ್ತರಿಸಿ. ಎಂಟು ಮಾತುಗಾರರನ್ನು ಮತ್ತು ಮೂವತ್ತು ವಾಕ್ಯಗಳನ್ನು ಪರೀಕ್ಷೆಗೆಂದು ಮೊದಲೇ ಮೀಸಲಿಡಿ. ಆ ಎಂಟು ಜನ ಓದಿದ ಆ ಮೂವತ್ತು ವಾಕ್ಯಗಳು, ಅಂದರೆ 240 ಫೈಲುಗಳು, ನಿಜವಾದ ಟೆಸ್ಟ್ ಸೆಟ್. ಉಳಿದ 32 ಜನ ಓದಿದ ಉಳಿದ 120 ವಾಕ್ಯಗಳು, ಅಂದರೆ 3840 ಫೈಲುಗಳು, ತರಬೇತಿಗೆ. ನಡುವೆ ಉಳಿಯುವ 1920 ಫೈಲುಗಳು ವ್ಯರ್ಥವಾದವೆಂದು ಮರುಗಬೇಡಿ, ನನ್ನ ಅನುಭವದಲ್ಲಿ ಅತ್ಯಂತ ಉಪಯುಕ್ತವಾದ ಭಾಗವೇ ಅದು. ಅದರಲ್ಲಿ 960 ಫೈಲುಗಳಲ್ಲಿ ಧ್ವನಿ ಹೊಸದು, ವಾಕ್ಯ ಹಳೆಯದು. ಇನ್ನುಳಿದ 960ರಲ್ಲಿ ವಾಕ್ಯ ಹೊಸದು, ಧ್ವನಿ ಹಳೆಯದು. ಎರಡರ ಮೇಲೂ ಬೇರೆ ಬೇರೆಯಾಗಿ ದೋಷ ಅಳೆಯಿರಿ. ಮೊದಲನೆಯದರಲ್ಲಿ ದೋಷ ಕಡಿಮೆಯಿದ್ದು ಎರಡನೆಯದರಲ್ಲಿ ಏರಿದರೆ ಮಾದರಿ ಪಠ್ಯವನ್ನು ಬಾಯಿಪಾಠ ಮಾಡಿದೆ ಎಂದರ್ಥ. ಆಗ ಮಾತುಗಾರರನ್ನು ಹೆಚ್ಚಿಸುವುದಕ್ಕಿಂತ ಹೊಸ ವಾಕ್ಯಗಳನ್ನು ಓದಿಸುವುದು ಲಾಭಕರ. ತದ್ವಿರುದ್ಧವಾದರೆ ಹೊಸ ಧ್ವನಿಗಳನ್ನು ಹುಡುಕಿ. ಹಾಗೆಯೇ ಆ 32 ಜನರಲ್ಲಿ ನಾಲ್ವರನ್ನು ತರಬೇತಿಯಿಂದ ತೆಗೆದು ಡೆವಲಪ್‌ಮೆಂಟ್ ಸೆಟ್‌ಗೆ (ಮಾದರಿಯನ್ನು ಹೊಂದಿಸಿಕೊಳ್ಳುವ ಭಾಗ) ಪ್ರತ್ಯೇಕಿಸಿ, ಎಲ್ಲ ಹೊಂದಾಣಿಕೆಗಳನ್ನೂ ಅದರ ಮೇಲೆಯೇ ಮಾಡಿ; ಆಗ ತರಬೇತಿಗೆ 3360 ಫೈಲುಗಳು ಉಳಿಯುತ್ತವೆ, ಹಳೆಯ ಧ್ವನಿಯ 960ರಿಂದಲೂ ಈ ನಾಲ್ವರ 120 ಫೈಲುಗಳನ್ನು ಬಿಡಿ. ಟೆಸ್ಟ್ ಸೆಟ್ ನೋಡಿ ನೋಡಿ ಮಾದರಿಯನ್ನು ತಿದ್ದಿದರೆ ಇಷ್ಟು ಶ್ರಮವೂ ನೀರಿನಲ್ಲಿ ಹೋಮ ಮಾಡಿದಂತೆ. ಯಾವ ಪದದ ನಂತರ ಯಾವ ಪದ ಬರಬಹುದೆಂದು ಅಂದಾಜಿಸುವ ಲ್ಯಾಂಗ್ವೇಜ್ ಮಾಡೆಲನ್ನು ಕಟ್ಟಿದ ಪಠ್ಯದಲ್ಲಿಯೂ ಆ ಮೂವತ್ತು ವಾಕ್ಯಗಳು ಇರಬಾರದು. ಇದನ್ನು ಮರೆಯುವವರೇ ಹೆಚ್ಚು.

240 ಫೈಲುಗಳು ಚಿಕ್ಕ ಪರೀಕ್ಷೆ ಎಂಬುದನ್ನು ಪ್ರಬಂಧದಲ್ಲಿ ಒಪ್ಪಿಕೊಳ್ಳಿ ಮತ್ತು ಪ್ರತಿ ಮಾತುಗಾರರ ಫಲಿತಾಂಶವನ್ನೂ ಪ್ರತ್ಯೇಕವಾಗಿ ಕೊಡಿ. ಜೊತೆಗೆ ಹೊರಗಿನ ಒಂದು ಪರೀಕ್ಷೆಯೂ ಇರಲಿ. ಭಾರತೀಯ ಭಾಷೆಗಳ ತಂತ್ರಜ್ಞಾನದಲ್ಲಿ ತೊಡಗಿರುವ ಎಐ4ಭಾರತ್ ತಂಡದ ಕಥ್‌ಬಾತ್ ಧ್ವನಿಸಂಗ್ರಹದಲ್ಲಿ ಪರಿಚಿತ ಮಾತುಗಾರರಿಗೊಂದು, ಅಪರಿಚಿತ ಮಾತುಗಾರರಿಗೊಂದು ಟೆಸ್ಟ್ ಸೆಟ್ ಬೇರೆಯಾಗಿಯೇ ಇದೆ; ಕನ್ನಡವೂ ಅದರಲ್ಲಿದೆ. ಗೂಗಲ್‌ನ ಫ್ಲರ್ಸ್ (FLEURS) ಧ್ವನಿಸಂಗ್ರಹದಲ್ಲಿಯೂ ಕನ್ನಡವಿದೆ. ತರಬೇತಿಗೆ ನಿಮ್ಮ ಸಂಗ್ರಹ ಸಾಲದು ಎನಿಸಿದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೈಲ್ ಪ್ರಯೋಗಾಲಯವು ಬಿಡುಗಡೆ ಮಾಡಿದ ಸುಮಾರು 350 ಗಂಟೆಗಳ ಕನ್ನಡ ಸಂಗ್ರಹ ಓಪನ್‌ಎಸ್‌ಎಲ್‌ಆರ್ ಎಂಬ ಜಾಲತಾಣದಲ್ಲಿ ಸಿಗುತ್ತದೆ. ಪ್ರತಿಯೊಂದರ ಪರವಾನಗಿಯನ್ನೂ ಓದಿಯೇ ಬಳಸಿ.

ಇನ್ನು ದೋಷವನ್ನು ಎಣಿಸುವ ರೀತಿ. ‘ಮನೆಗೆ ಹೋಗಬೇಕಾಗಿತ್ತು’ ಎಂಬಲ್ಲಿ ಯಂತ್ರವು ‘ಮನೆಗೆ ಹೋಗ ಬೇಕಾಗಿತ್ತು’ ಎಂದು ಬರೆದರೆ ಒಂದಕ್ಷರವೂ ತಪ್ಪಿಲ್ಲ, ನಡುವೆ ಒಂದು ತೆರಪು ಮಾತ್ರ ಹೆಚ್ಚು. ಆದರೂ ಒಂದು ಪದಪಲ್ಲಟ, ಒಂದು ಹೆಚ್ಚುವರಿ ಪದ ಎಂದು ಎರಡು ದೋಷ ಬೀಳುತ್ತವೆ. ಮೂಲದಲ್ಲಿರುವುದೇ ಎರಡು ಪದ, ಹಾಗಾಗಿ ದೋಷ ಶೇ. 100. ಪ್ರತ್ಯಯಗಳೂ ಸಹಾಯಕ ಕ್ರಿಯಾಪದಗಳೂ ಬೆಸೆದು ಪದ ಬೆಳೆಯುವ ನಮ್ಮ ಭಾಷೆಯಲ್ಲಿ ಕ್ಯಾರೆಕ್ಟರ್ ಎರರ್ ರೇಟನ್ನೂ (ಅಕ್ಷರದೋಷಗಳ ಪ್ರಮಾಣ) ಕೊಡಲೇಬೇಕು. ಎಣಿಸುವ ಮೊದಲು ಎರಡೂ ಕಡೆಯ ಪಠ್ಯವನ್ನು ಯೂನಿಕೋಡ್‌ನ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತನ್ನಿ. ‘ಕೋ’ ಎಂಬುದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ಬಿಡಿ ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಪ್ರೋಗ್ರಾಮಿಗೆ ಬೇರೆ ಬೇರೆ. ‘ಸಾಫ್ಟ್‌ವೇರ್’ ಎಂಬ ಪದದೊಳಗಿನ ಅದೃಶ್ಯ ವಿಭಜಕವನ್ನು ಎನ್‌ಎಫ್‌ಸಿ ತೆಗೆಯುವುದಿಲ್ಲ, ಅದಕ್ಕೆ ನೀವೇ ನಿಯಮ ಬರೆಯಬೇಕು. ಯೂನಿಕೋಡ್ ಅಲ್ಲದ ಹಳೆಯ ‘ನುಡಿ’ ತಂತ್ರಾಂಶದ ಕಡತಗಳಿಂದ ಪರಿವರ್ತಿಸಿದ ಪಠ್ಯವಾದರೆ ಪ್ರತಿ ಸಾಲನ್ನೂ ಕಣ್ಣಿನಿಂದ ನೋಡಿ.

ಕೆಲವು ವಿದ್ಯಾರ್ಥಿಗಳಿಂದ ವಾಟ್ಸ್ಆ್ಯಪ್ ಧ್ವನಿಸಂದೇಶಗಳಾಗಿ ವಾಕ್ಯಗಳನ್ನು ತರಿಸಿಕೊಂಡು ವೇವ್ ಫೈಲಿಗೆ ಬದಲಿಸಿದ್ದೇವೆ ಎಂದಿದ್ದೀರಿ. ಆ ಸಂದೇಶಗಳು ಓಪಸ್ ಎಂಬ ಆಡಿಯೊ ಸಂಕೋಚನ ವಿಧಾನದಲ್ಲಿ ಅದುಮಲ್ಪಟ್ಟಿರುತ್ತವೆ. ಬಳಿಕ ವೇವ್ ಮಾಡಿದರೂ ಕಳೆದುಹೋದ ವಿವರ ಮರಳಿ ಬಾರದು. ಅಂಥ ಫೈಲುಗಳನ್ನು ಗುರುತು ಹಾಕಿ ಬೇರೆಯಿಡಿ. ಇನ್ನು ಮುಂದೆ 16 ಕಿಲೋಹರ್ಟ್ಸ್, 16 ಬಿಟ್, ಮೋನೋದಲ್ಲಿಯೇ ರೆಕಾರ್ಡ್ ಆಗಲಿ. ಬ್ಲೂಟೂತ್ ಇಯರ್‌ಫೋನ್ ಬೇಡ, ಸಾಧಾರಣ ತಂತಿಯ ಮೈಕ್ ಎಷ್ಟೋ ಮೇಲು. ಧ್ವನಿ ತಿದ್ದಲು ಆಡಾಸಿಟಿ ಒಳ್ಳೆಯ ಸಾಧನ, ಆದರೆ ಅದರಲ್ಲಿ ಗದ್ದಲ ತೆಗೆಯುವ ಸೌಲಭ್ಯವನ್ನು ಮುಟ್ಟಬೇಡಿ, ವ್ಯಂಜನಗಳ ಅಂಚು ಸವೆಯುತ್ತದೆ. ಸಂದೇಹ ಬಂದರೆ ಧ್ವನಿ ವಿಶ್ಲೇಷಿಸುವ ಪ್ರಾಟ್ ತಂತ್ರಾಂಶದಲ್ಲಿ ತೆರೆದು ಸ್ಪೆಕ್ಟ್ರೋಗ್ರಾಮ್ (ಧ್ವನಿಯ ಆವರ್ತನಗಳ ಚಿತ್ರ) ನೋಡಿ. ಮಾತು ಗುರುತಿಸುವ ಕಾಲ್ಡಿ ತಂತ್ರಾಂಶ ಹಳತಾಯಿತೆಂದು ಮೂಗು ಮುರಿಯುವವರ ಮಾತಿಗೆ ಕಿವಿಗೊಡಬೇಡಿ. ಇಷ್ಟು ಚಿಕ್ಕ ಸಂಗ್ರಹಕ್ಕೆ ಹೋಲಿಕೆಯ ನೆಲೆಯಾಗಿ ಅದು ಇಂದಿಗೂ ಪ್ರಯೋಜನಕಾರಿ. ಮಾತು ಗುರುತಿಸುವ ಸಿದ್ಧ ಮಾದರಿಯಾದ ವಿಸ್ಪರ್ ಬಳಸುವುದಾದರೆ ಯಾವ ಗಾತ್ರದ ಯಾವ ಆವೃತ್ತಿ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ.

ಇಸ್ಕಾ ಎಂದು ಹುಡುಕಿದರೆ ಕಂಪ್ಯೂಟರ್ ಆರ್ಕಿಟೆಕ್ಚರ್‌ನ ಅದೇ ಹೆಸರಿನ ಸಮ್ಮೇಳನವೂ ಸಿಗುತ್ತದೆ. ನಮಗೆ ಬೇಕಾದದ್ದು ಇಂಟರ್‌ನ್ಯಾಷನಲ್ ಸ್ಪೀಚ್ ಕಮ್ಯುನಿಕೇಶನ್ ಅಸೋಸಿಯೇಶನ್. 1988ರಲ್ಲಿ ಯೂರೋಪಿನ ಸಂಘವಾಗಿ ಆರಂಭವಾಗಿ 1999ರಲ್ಲಿ ಅಂತರರಾಷ್ಟ್ರೀಯ ಹೆಸರು ಪಡೆದ ಸಂಸ್ಥೆ ಅದು. ಅದರ ಆರ್ಕೈವ್‌ನಲ್ಲಿ ಇಂಟರ್‌ಸ್ಪೀಚ್ ಪ್ರಬಂಧಗಳೆಲ್ಲ ಉಚಿತವಾಗಿ ಸಿಗುವಾಗ ಅವನ್ನು ಓದದೆ ಪ್ರಬಂಧ ಬರೆಯಲು ಕೂರುವುದು ತಪ್ಪು. 2018ರಲ್ಲಿ ಸಮ್ಮೇಳನ ಹೈದರಾಬಾದಿನಲ್ಲಿ ನಡೆದಾಗ ಭಾರತೀಯ ಭಾಷೆಗಳಿಗೆಂದೇ ಒಂದು ಸ್ಪರ್ಧೆಯಿತ್ತು. ಗುಜರಾತಿ, ತಮಿಳು, ತೆಲುಗು ಅದರಲ್ಲಿದ್ದವು, ಕನ್ನಡ ಇರಲಿಲ್ಲ. 2021ರ ಬಹುಭಾಷಾ ಸ್ಪರ್ಧೆಯಲ್ಲಿಯೂ ಕನ್ನಡ ಇರಲಿಲ್ಲ. ಹೀಗಿರುವಾಗ ಕನ್ನಡದ ಹೆಸರಿನಲ್ಲಿ ಹೋಗುವ ಪ್ರತಿಯೊಂದು ಅಂಕಿಯೂ ಪರಿಶೀಲನೆಗೆ ನಿಲ್ಲುವಂತಿರಬೇಕು ಎಂಬುದೇ ನನ್ನ ಆಗ್ರಹ. 2018ರ ಸ್ಪರ್ಧೆಯ ಪ್ರಬಂಧಗಳನ್ನು ಮೊದಲು ಓದಿ. ಪ್ರತಿ ಭಾಷೆಗೂ ಇದ್ದ ಸುಮಾರು 40 ಗಂಟೆಗಳ ತರಬೇತಿ ಧ್ವನಿಯಿಂದ ಬೇರೆ ಬೇರೆ ತಂಡಗಳು ಏನೇನು ಮಾಡಿದವೆಂಬುದು ಒಂದೇ ಟೆಸ್ಟ್ ಸೆಟ್ ಮೇಲೆ ತಿಳಿಯುತ್ತದೆ.

ಸಾಮಾನ್ಯ ಪ್ರಬಂಧದ ಮುಖ್ಯ ಪಠ್ಯಕ್ಕೆ ನಾಲ್ಕು ಪುಟಗಳ ಮಿತಿಯಿರುವುದರಿಂದ ಪರಿಚಯವನ್ನು ಮೊಟಕುಗೊಳಿಸಿ, ಸಂಗ್ರಹದ ವಿವರಕ್ಕೆ ಜಾಗ ಕೊಡಿ: ಮಾತುಗಾರರ ತಾಲ್ಲೂಕು, ವಯಸ್ಸು, ಲಿಂಗ, ರೆಕಾರ್ಡ್ ಮಾಡಿದ ಫೋನು. ವಿಮರ್ಶಕರಿಗೆ ಲೇಖಕರು ಯಾರೆಂದು ತಿಳಿಯಬಾರದಾದ್ದರಿಂದ ಕಾಲೇಜಿನ ಹೆಸರು ಪಠ್ಯದಲ್ಲಿ ನುಸುಳದಿರಲಿ. ವಿದ್ಯಾರ್ಥಿಗಳ ಲಿಖಿತ ಒಪ್ಪಿಗೆ ಇಲ್ಲದಿದ್ದರೆ ಈಗಲೇ ಪಡೆಯಿರಿ, ಹದಿನೆಂಟು ತುಂಬದವರಿದ್ದರೆ ಪೋಷಕರ ಒಪ್ಪಿಗೆಯೂ ಬೇಕು. ಈ ಸಲದ ಗಡುವಿಗೆ ಆಗದಿದ್ದರೆ ಇಸ್ಕಾ ಅಡಿಯಲ್ಲಿ ಸಂಪನ್ಮೂಲ ಕಡಿಮೆಯಿರುವ ಭಾಷೆಗಳಿಗಾಗಿ ಸಿಗುಲ್ ಎಂಬ ಆಸಕ್ತರ ಗುಂಪಿದೆ. ಅದರ ಕಾರ್ಯಾಗಾರಗಳಿಗೆ ನಿಮ್ಮ ಕೆಲಸ ಚೆನ್ನಾಗಿ ಒಪ್ಪುತ್ತದೆ. ವಿದ್ಯಾರ್ಥಿಗಳಿಗೆ ಇಸ್ಕಾ ಪ್ರಯಾಣಧನವನ್ನೂ ಕೊಡುತ್ತದೆ, ಅದಕ್ಕೆ ಬೇರೆಯಾಗಿ ಅರ್ಜಿ ಹಾಕಬೇಕು. ಹೊಸ ವಿಂಗಡಣೆಯ ಫಲಿತಾಂಶ ಬಂದ ಮೇಲೆ, ಮೀಸಲಿಟ್ಟ 240 ಫೈಲುಗಳದ್ದನ್ನೂ ನಡುವಿನ ಎರಡು ಭಾಗಗಳದ್ದನ್ನೂ ಬೇರೆ ಬೇರೆಯಾಗಿ ಇಲ್ಲಿ ಹಾಕಿ. ಅಂಕಿ ಎಷ್ಟೇ ಏರಿದ್ದರೂ ಹಾಕಿ, ನೋಡಿ ಹೇಳುತ್ತೇನೆ.